ಪಾಲಿಯುರೆಥೇನ್ ಮತ್ತು ವೇಗವರ್ಧಕಗಳು: ಒಂದು ಚಾರಿತ್ರಿಕ ನೋಟ

ರಸಾಯನಶಾಸ್ತ್ರದ ಪಾಠಗಳಲ್ಲಿ ತಲೆಮಾರುಗಳಿಂದ ಕೇಳಿಬರುತ್ತಿರುವ ವಾಕ್ಯವೊಂದಿದೆ: ವೇಗವರ್ಧಕವು ಕ್ರಿಯೆಯ ವೇಗವನ್ನು ಹೆಚ್ಚಿಸುತ್ತದೆ, ತಾನು ಮಾತ್ರ ಕ್ರಿಯೆಯಲ್ಲಿ ಭಾಗವಹಿಸುವುದಿಲ್ಲ. ಮಕ್ಕಳು ಇದನ್ನು ಕಂಠಪಾಠ ಮಾಡಿ ಅಂಕ ಗಳಿಸುತ್ತಾರೆ. ಆದರೆ ಈ ವಾಕ್ಯದ ಪೂರ್ವಾರ್ಧ ಅಪೂರ್ಣ, ಉತ್ತರಾರ್ಧ ತಪ್ಪು. ಅದನ್ನು ಮನಗಾಣಲು ನಾವು ದಿನವೂ ಮಲಗುವ ಫೋಮ್ ಹಾಸಿಗೆಯ ಇತಿಹಾಸವನ್ನು ನೋಡಿದರೆ ಸಾಕು.

‘ಕೆಟಲಿಸಿಸ್’ ಎಂಬ ಶಬ್ದವನ್ನು 1835ರಲ್ಲಿ ಟಂಕಿಸಿದವನು ಸ್ವೀಡನ್ನಿನ ಬರ್ಜೀಲಿಯಸ್. 1849ರಲ್ಲಿ ಫ್ರಾನ್ಸಿನ ವುರ್ಟ್ಸ್ ಐಸೊಸಯನೇಟ್ ಎಂಬ ವರ್ಗದ ಸಂಯುಕ್ತಗಳನ್ನು ಮೊದಲ ಬಾರಿಗೆ ತಯಾರಿಸಿದನು. ಸುಮಾರು ತೊಂಬತ್ತು ವರ್ಷ ಅವು ಪ್ರಯೋಗಶಾಲೆಯ ಕುತೂಹಲವಾಗಿಯೇ ಉಳಿದವು. 1937ರಲ್ಲಿ ಜರ್ಮನಿಯ ಲೆವರ್ಕುಸೆನ್‌ನಲ್ಲಿದ್ದ ಐ.ಜಿ. ಫಾರ್ಬೆನ್ ಪ್ರಯೋಗಶಾಲೆಯಲ್ಲಿ ಆಟೊ ಬೇಯರ್ ಮತ್ತು ಸಂಗಡಿಗರು ಅವುಗಳಿಗೆ ಹೊಸ ಕೆಲಸ ಕೊಟ್ಟರು. ಅಮೆರಿಕದ ನೈಲಾನ್‌ಗೆ ಸಾಟಿಯಾಗಬಲ್ಲ, ಅದರ ಪೇಟೆಂಟಿನ ಹಿಡಿತಕ್ಕೆ ಸಿಗದ ವಸ್ತುವೊಂದು ಅವರಿಗೆ ಬೇಕಾಗಿತ್ತು. ಎರಡೂ ತುದಿಗಳಲ್ಲಿ ಐಸೊಸಯನೇಟ್ ಗುಂಪುಳ್ಳ ಅಣುವನ್ನು ಎರಡೂ ತುದಿಗಳಲ್ಲಿ ಹೈಡ್ರಾಕ್ಸಿಲ್ ಗುಂಪುಳ್ಳ ಅಣುವಿನೊಡನೆ ಸೇರಿಸಿದಾಗ ಉದ್ದನೆಯ ಸರಪಳಿ ಬೆಳೆಯಿತು. ಅದೇ ಪಾಲಿಯುರೆಥೇನ್.

ಬಹುಬೇಗ ಒಂದು ತೊಡಕು ಎದುರಾಯಿತು. ಐಸೊಸಯನೇಟಿಗೆ ನೀರು ತಗುಲಿದರೆ ಇಂಗಾಲದ ಡೈಆಕ್ಸೈಡ್ ಹುಟ್ಟಿ, ಅಚ್ಚಿನಲ್ಲಿದ್ದ ವಸ್ತುವಿನ ತುಂಬ ಗುಳ್ಳೆಗಳಾಗುತ್ತಿದ್ದವು. ಇದು ಕೃತಕ ಸ್ವಿಸ್ ಚೀಸ್ ಮಾಡಲಷ್ಟೇ ಲಾಯಕ್ಕು ಎಂದು ಪರೀಕ್ಷಾ ವಿಭಾಗದವರು ಗೇಲಿ ಮಾಡಿದ್ದು ಈ ಉದ್ಯಮದಲ್ಲಿ ಪ್ರಸಿದ್ಧವಾದ ಪ್ರಸಂಗ. ಬೇಯರ್ ಎದೆಗುಂದಲಿಲ್ಲ, ಆ ಗುಳ್ಳೆಗಳೇ ಮುಂದೆ ಫೋಮ್ ಆದವು.

ಆದರೆ ಗುಳ್ಳೆ ಬಂದ ಮಾತ್ರಕ್ಕೆ ಹಾಸಿಗೆಯಾಗುವುದಿಲ್ಲ. ಇಲ್ಲಿ ಎರಡು ಕ್ರಿಯೆಗಳು ಏಕಕಾಲದಲ್ಲಿ ನಡೆಯಬೇಕು. ಒಂದು, ನೀರಿನೊಡನೆ ವರ್ತಿಸಿ ಅನಿಲ ಹುಟ್ಟಿಸುವುದು, ಅಂದರೆ ಉಬ್ಬುವುದು. ಇನ್ನೊಂದು, ಹೈಡ್ರಾಕ್ಸಿಲ್‌ನೊಡನೆ ವರ್ತಿಸಿ ಜಾಲವಾಗುವುದು, ಅಂದರೆ ಗಟ್ಟಿಯಾಗುವುದು. ಇಡ್ಲಿಯ ಉಪಮೆ ಇಲ್ಲಿ ಸಲ್ಲುತ್ತದೆ. ಹಿಟ್ಟು ಉಬ್ಬಿದರೂ ಹಬೆ ಸಾಲದೆ ಬೇಯದಿದ್ದರೆ ಇಡ್ಲಿ ಕುಸಿಯುತ್ತದೆ. ಹುದುಗು ಬರುವ ಮುನ್ನವೇ ಬೇಯಿಸಿದರೆ ಕಲ್ಲಾಗುತ್ತದೆ. ಫೋಮಿನಲ್ಲಿ ಈ ಉಬ್ಬುವಿಕೆಯೂ ಬೇಯುವಿಕೆಯೂ ಸುಮಾರು ಎರಡೇ ನಿಮಿಷಗಳಲ್ಲಿ ಜೊತೆಜೊತೆಯಾಗಿ ಮುಗಿಯಬೇಕು.

1950ರ ದಶಕದಲ್ಲಿ ಈ ಹದ ಸಾಧಿಸುವುದು ಕಷ್ಟವಾಗಿತ್ತು. ಅಗ್ಗವಾಗಿ ದೊರೆಯತೊಡಗಿದ್ದ ಪಾಲಿಈಥರ್‌ಗಳು ನಿಧಾನವಾಗಿ ವರ್ತಿಸುತ್ತಿದ್ದುದರಿಂದ, ಮೊದಲು ಅರೆಸಿದ್ಧ ಪಾಲಿಮರ್ ತಯಾರಿಸಿಕೊಂಡು ಆಮೇಲೆ ನೀರು ಬೆರೆಸುವ ಎರಡು ಹಂತದ ವಿಧಾನ ಅನಿವಾರ್ಯವಾಗಿತ್ತು. ಆ ದಶಕದ ಕೊನೆಯ ಹೊತ್ತಿಗೆ ಎರಡು ಬಗೆಯ ವೇಗವರ್ಧಕಗಳು ಪರಿಸ್ಥಿತಿಯನ್ನು ಬದಲಿಸಿದವು. ಒಂದು, ಹೌಡ್ರಿ ಕಂಪನಿಯು ಮಾರುಕಟ್ಟೆಗೆ ತಂದ ಟ್ರೈಎಥಿಲೀನ್ ಡೈಅಮೀನ್, ವ್ಯಾಪಾರದ ಹೆಸರು ಡಾಬ್ಕೊ. ಇನ್ನೊಂದು, ತವರದ ಸಂಯುಕ್ತಗಳು. ಇವುಗಳ ಅಸಾಧಾರಣ ಶಕ್ತಿಯ ಬಗ್ಗೆ ಹೋಸ್ಟೆಟ್ಲರ್ ಮತ್ತು ಕಾಕ್ಸ್ 1960ರಲ್ಲಿ ಪ್ರಬಂಧ ಪ್ರಕಟಿಸಿದರು. ಅಮೀನ್‌ಗಳು ನೀರಿನ ಕ್ರಿಯೆಯನ್ನು ಚೆನ್ನಾಗಿ ಪ್ರಚೋದಿಸುತ್ತವೆ, ತವರವು ಜಾಲ ಕಟ್ಟುವ ಕ್ರಿಯೆಯತ್ತ ಒಲಿಯುತ್ತದೆ. ಎರಡನ್ನೂ ಹದವಾಗಿ ಬೆರೆಸಿದಾಗ ಎಲ್ಲ ಸಾಮಗ್ರಿಗಳನ್ನೂ ಒಂದೇ ಸಲಕ್ಕೆ ಸುರಿದು ಫೋಮ್ ಮಾಡುವುದು ಸಾಧ್ಯವಾಯಿತು. ತವರ ಕಡಿಮೆಯಾದರೆ ಫೋಮ್ ಸೀಳುತ್ತದೆ. ಹೆಚ್ಚಾದರೆ ಗುಳ್ಳೆಗಳು ಮುಚ್ಚಿಕೊಂಡು ಫೋಮ್ ಕುಗ್ಗುತ್ತದೆ. ಬೇಕಾಗುವುದು ನೂರು ಭಾಗ ಪಾಲಿಯಾಲ್‌ಗೆ ಒಂದು ಭಾಗಕ್ಕಿಂತಲೂ ಕಡಿಮೆ. ‘ವೇಗವರ್ಧಕ’ ಎಂಬ ಹೆಸರು ಅರ್ಧ ಸತ್ಯವನ್ನಷ್ಟೇ ಹೇಳುತ್ತದೆ ಎಂದದ್ದು ಇದಕ್ಕಾಗಿ: ಯಾವ ಕ್ರಿಯೆ ಎಷ್ಟು ಮುಂದಿರಬೇಕೆಂದು ನಿರ್ಧರಿಸುವುದೂ ಅದರ ಕೆಲಸವೇ.

ಇನ್ನು ಭಾಗವಹಿಸುವ ಮಾತು. 1940ರ ದಶಕದಲ್ಲಿ ಇಂಗ್ಲೆಂಡಿನ ಬೇಕರ್ ಮತ್ತು ಸಂಗಡಿಗರು ಅಮೀನ್‌ನ ಸಾರಜನಕವು ಮೊದಲು ಐಸೊಸಯನೇಟಿನ ಇಂಗಾಲಕ್ಕೆ ಅಂಟಿಕೊಳ್ಳುತ್ತದೆಂದು ವಿವರಿಸಿದರು. ಅದು ಆಲ್ಕೊಹಾಲಿನ ಹೈಡ್ರೋಜನ್ನನ್ನು ಸೆಳೆಯುತ್ತದೆಂದು ಮತ್ತೆ ಕೆಲವರು ವಾದಿಸಿದರು. ಹೇಗಾದರೂ ಅದು ನಡುವೆ ಪ್ರವೇಶಿಸಿ, ಕೆಲಸ ಮುಗಿಸಿ ಬಿಡುಗಡೆ ಹೊಂದುತ್ತದೆ. ಡಾಬ್ಕೊ ಅಣುವಿನ ರಚನೆ ಪಂಜರದಂತಿದ್ದು, ಸಾರಜನಕದ ಇಲೆಕ್ಟ್ರಾನ್ ಜೋಡಿ ಯಾವ ಅಡ್ಡಿಯೂ ಇಲ್ಲದೆ ಹೊರಮುಖವಾಗಿರುವುದೇ ಅದರ ಸಾಮರ್ಥ್ಯದ ಗುಟ್ಟು.

ವೇಗವರ್ಧಕ ವ್ಯಯವಾಗುವುದಿಲ್ಲವೆಂಬುದನ್ನು ನಾವು ಗುಣವೆಂದು ಬೋಧಿಸುತ್ತೇವೆ. ವ್ಯಯವಾಗದ ವಸ್ತು ಎಲ್ಲಿಗೆ ಹೋಗುತ್ತದೆ ಎಂದು ಕೇಳುವ ವಿದ್ಯಾರ್ಥಿ ವಿರಳ. ಅದು ಫೋಮಿನಲ್ಲಿ ಉಳಿಯುತ್ತದೆ, ಇಲ್ಲವೇ ಆವಿಯಾಗಿ ಕಾರ್ಖಾನೆಯ ಗಾಳಿಗೆ ಸೇರುತ್ತದೆ. 1978ರಲ್ಲಿ ಅಮೆರಿಕದ ಮೇರಿಲ್ಯಾಂಡ್ ಮತ್ತು ಮ್ಯಾಸಚೂಸೆಟ್ಸ್ ರಾಜ್ಯಗಳ ಫೋಮ್ ಕಾರ್ಖಾನೆಗಳ ಅನೇಕ ಕಾರ್ಮಿಕರಿಗೆ ಮೂತ್ರ ವಿಸರ್ಜನೆಯೇ ಕಷ್ಟವಾಯಿತು. ಡೈಮಿಥೈಲ್ ಅಮಿನೊ ಪ್ರೊಪಿಯೊನೈಟ್ರೈಲ್ ಎಂಬ ವೇಗವರ್ಧಕವು ಅವರ ನರಗಳಿಗೆ ಹಾನಿ ಮಾಡಿತ್ತು. ಆ ವಸ್ತುವನ್ನು ಹಿಂತೆಗೆದುಕೊಳ್ಳಲಾಯಿತು.

ಕರೆಯದೆ ಬರುವ ವೇಗವರ್ಧಕವೂ ಉಂಟು. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಕೀಟನಾಶಕ ಕಾರ್ಖಾನೆಯಲ್ಲಿ ಸುಮಾರು 40 ಟನ್ ಮೀಥೈಲ್ ಐಸೊಸಯನೇಟ್ ತುಂಬಿದ್ದ ಟ್ಯಾಂಕಿಗೆ ನೀರು ಸೇರಿತು. ಅದು ಪಾಲಿಯುರೆಥೇನ್ ತಯಾರಿಕೆಯ ವಸ್ತುವಲ್ಲ, ಆದರೆ ಅದೇ ಐಸೊಸಯನೇಟ್ ವರ್ಗದ್ದು. ನೀರಿನೊಡನೆ ನಡೆದ ಕ್ರಿಯೆಯಿಂದ ಶಾಖವೂ ಅನಿಲವೂ ಹುಟ್ಟಿದವು. ಸವೆದ ಟ್ಯಾಂಕಿನ ಗೋಡೆಯಿಂದ ಬಂದ ಕಬ್ಬಿಣವು ವೇಗವರ್ಧಕವಾಗಿ ಅಣುಗಳು ಮೂರುಮೂರಾಗಿ ಕೂಡಿಕೊಳ್ಳುವ ಉಗ್ರ ಕ್ರಿಯೆಯನ್ನು ಕೆರಳಿಸಿತು. ಆ ವಿಷಾನಿಲಕ್ಕೆ ಸಾವಿರಾರು ಜನ ಬಲಿಯಾದರು. ಫೋಮಿನಲ್ಲಿ ಎರಡು ನಿಮಿಷದ ಲೆಕ್ಕಾಚಾರಕ್ಕೆ ಒಳಪಟ್ಟಿದ್ದ ಶಕ್ತಿ ಅಲ್ಲಿ ಯಾರ ಹತೋಟಿಗೂ ಸಿಗಲಿಲ್ಲ.

ತವರವೂ ಪ್ರಶ್ನಾತೀತವಾಗಿ ಉಳಿಯಲಿಲ್ಲ. ಡೈಬ್ಯುಟೈಲ್ ತವರದ ಸಂಯುಕ್ತಗಳು ಸಂತಾನಶಕ್ತಿಗೂ ಗರ್ಭಸ್ಥ ಶಿಶುವಿಗೂ ಹಾನಿಕರವೆಂದು ತಿಳಿದ ಬಳಿಕ, ಯೂರೋಪಿಯನ್ ಒಕ್ಕೂಟವು ಜನಸಾಮಾನ್ಯರು ಬಳಸುವ ವಸ್ತುಗಳಲ್ಲಿ ಅವುಗಳಿಗೆ 2012ರ ಜನವರಿಯಿಂದ, ಕೆಲವು ವಿನಾಯಿತಿಗಳೊಡನೆ, ತವರದ ಲೆಕ್ಕದಲ್ಲಿ ತೂಕದ ಶೇಕಡ 0.1ರ ಮಿತಿ ಹಾಕಿತು. ಬಿಸ್ಮತ್ ಮತ್ತು ಸತುವಿನ ಸಂಯುಕ್ತಗಳು ಅನೇಕ ಕಡೆ ಆ ಸ್ಥಾನಕ್ಕೆ ಬಂದಿವೆ. ಕೆಲಸ ಮುಗಿದ ಮೇಲೆ ಆವಿಯಾಗಿ ಹೊರಬರದೆ ಪಾಲಿಮರ್ ಜಾಲದಲ್ಲೇ ಬೆಸೆದುಕೊಳ್ಳುವ ಅಮೀನ್‌ಗಳೂ ಬಳಕೆಯಲ್ಲಿವೆ.

ನಮ್ಮ ಪಾಠಗಳ ಆ ವಾಕ್ಯವನ್ನು ಹೀಗೆ ತಿದ್ದಬಹುದೇನೋ: ವೇಗವರ್ಧಕವು ಕ್ರಿಯೆಯಲ್ಲಿ ಭಾಗವಹಿಸಿ, ಅದರ ಹಾದಿಯನ್ನು ಬದಲಿಸಿ, ಕೊನೆಗೆ ಮೊದಲಿನಂತೆಯೇ ಉಳಿಯುತ್ತದೆ. ಹಾಗೆ ಉಳಿದದ್ದರ ಹೊಣೆ ಅದನ್ನು ಬಳಸಿದವರದು. ಕೊನೆಯ ಮಾತಿಗೆ ಪರೀಕ್ಷೆಯಲ್ಲಿ ಅಂಕ ಸಿಗಲಾರದು. ಆದರೂ ಅದನ್ನು ತರಗತಿಯಲ್ಲಿ ಹೇಳಲೇಬೇಕು.