ಖಾನೇಷುಮಾರಿಯೂ ನಮ್ಮ ಪೂರ್ವಿಕರ ಹೆಸರುಗಳೂ

ನಮ್ಮ ದೇವಾಲಯದ ಶತಮಾನೋತ್ಸವದ ಸಿದ್ಧತೆ ಆರಂಭವಾದಂದಿನಿಂದ ವಿಚಾರಣೆಯ ಹಲವು ಕುಟುಂಬಗಳವರು ನಮ್ಮನ್ನು ಕೇಳುತ್ತಿರುವ ಪ್ರಶ್ನೆಯೊಂದುಂಟು. ಬ್ರಿಟಿಷರ ಕಾಲದ ಜನಗಣತಿಯ ಕಾಗದಗಳಲ್ಲಿ ತಮ್ಮ ಮುತ್ತಜ್ಜನ ಹೆಸರು ದೊರೆಯಬಹುದೇ ಎಂಬುದು ಆ ಪ್ರಶ್ನೆ. ದೊರೆಯದು ಎಂದೇ ಉತ್ತರ ಹೇಳಬೇಕಾಗಿದೆ. ಆದರೆ ಅಷ್ಟಕ್ಕೇ ಮಾತನ್ನು ನಿಲ್ಲಿಸಲು ಮನಸ್ಸೊಪ್ಪದು.

ಇಂಗ್ಲೆಂಡಿನಲ್ಲಿ 1841ರಿಂದೀಚೆಗೆ ಗಣತಿಕಾರರು ಮನೆಮನೆಗೂ ಹೋಗಿ ಬರೆದ ಹೆಸರು, ವಯಸ್ಸು, ಕಸಬುಗಳ ದಾಖಲೆಗಳನ್ನು ಕಾದಿರಿಸಿದ್ದಾರೆ. ನೂರು ವರ್ಷ ಸಂದ ಬಳಿಕ ಅವನ್ನು ಯಾರು ಬೇಕಾದರೂ ನೋಡಬಹುದು. 1921ರ ಹಾಳೆಗಳು 2022ರಲ್ಲಿ ಹೀಗೆಯೇ ಬಯಲಿಗೆ ಬಂದವು. ಭಾರತದಲ್ಲಿಯೂ ಗಣತಿಕಾರರು ಮನೆಮನೆಗೆ ಹೋದದ್ದುಂಟು, ಹಾಳೆ ತುಂಬಿದ್ದುಂಟು. ಆದರೆ ಅಂಕಿಗಳನ್ನು ಕೂಡಿ ಕೋಷ್ಟಕ ಸಿದ್ಧವಾದ ಮೇಲೆ ಆ ಹಾಳೆಗಳನ್ನು ನಾಶಪಡಿಸುವುದೇ ಪದ್ಧತಿಯಾಗಿತ್ತು. ಇಲ್ಲಿಯ ಪ್ರಜೆಯ ಹೆಸರು ಆ ಸರಕಾರಕ್ಕೆ ಬೇಕಾಗಿರಲಿಲ್ಲವೆಂದು ನಮಗೆ ತೋರುತ್ತದೆ. ಸ್ವಾತಂತ್ರ್ಯಾನಂತರದ 1948ರ ಜನಗಣತಿ ಕಾಯಿದೆಯಾದರೋ, ಪ್ರಜೆಯ ಗುಟ್ಟನ್ನು ಕಾಯುವ ಸದುದ್ದೇಶದಿಂದಲೇ ಇಂತಹ ದಾಖಲೆಗಳನ್ನು ಪರಿಶೀಲನೆಗೆ ಮುಚ್ಚಿದೆ.

ಹಾಗಾದರೆ ಆ ದಪ್ಪ ದಪ್ಪ ವರದಿಗಳಿಂದ ಪ್ರಯೋಜನವೇನು? ಮೊದಲು ಎಣಿಕೆಯ ರೀತಿಯನ್ನು ಅರಿಯಬೇಕು. 1804ರ ಅಂದಾಜಿನಂತೆ ಮೈಸೂರು ಸೀಮೆಯಲ್ಲಿ 4,82,612 ಕುಟುಂಬಗಳೂ 21,71,754 ಜನರೂ ಇದ್ದರು. ಎರಡನೆಯ ಅಂಕಿಯನ್ನು ಮೊದಲನೆಯದರಿಂದ ಭಾಗಿಸಿ ನೋಡಿದರೆ ಸರಿಯಾಗಿ ನಾಲ್ಕೂವರೆ ಬರುತ್ತದೆ. ಅಂದರೆ ತಲೆಗಳನ್ನು ಯಾರೂ ಎಣಿಸಿರಲಿಲ್ಲ. ಒಕ್ಕಲುಗಳನ್ನು ಲೆಕ್ಕ ಹಾಕಿ ಗುಣಿಸಿದ್ದರು. ತಲೆಯೆಣಿಕೆ ಕ್ರಮವಾಗಿ ನಡೆದದ್ದು 1871ರಲ್ಲಿ. ಅದರ ವರದಿಯನ್ನು ಬರೆದವರು ಮೇಜರ್ ಲಿಂಡ್ಸೆ. 1881ರ ವರದಿ ಕನ್ನಡಿಗರೆಲ್ಲರಿಗೂ ಪರಿಚಿತರಾದ ಶಾಸನತಜ್ಞ ಬಿ. ಎಲ್. ರೈಸರದು.

ಈ ಎರಡು ವರದಿಗಳನ್ನು ಅಕ್ಕಪಕ್ಕದಲ್ಲಿರಿಸಿ ಓದುವವನ ಎದೆ ನಡುಗದಿರದು. 1871ರಲ್ಲಿ ಮೈಸೂರಿನ ಜನ ಸುಮಾರು 50 ಲಕ್ಷ 55 ಸಾವಿರ. 1881ರ ಫೆಬ್ರವರಿ 17ರ ರಾತ್ರಿ, ಚಾಮರಾಜೇಂದ್ರ ಒಡೆಯರಿಗೆ ರಾಜ್ಯವನ್ನು ಹಿಂದಿರುಗಿಸುವುದಕ್ಕೆ ಐದು ವಾರ ಮೊದಲು, ಎಣಿಸಿದಾಗ ಉಳಿದಿದ್ದವರು 41 ಲಕ್ಷ 86 ಸಾವಿರ. ನಡುವೆ ಬಂದುಹೋದದ್ದು 1876-78ರ ಮಹಾಕ್ಷಾಮ. ಆರು ಮಂದಿಯಲ್ಲಿ ಒಬ್ಬರು ಇಲ್ಲವಾದರೆಂದು ಮೇಲ್ನೋಟದ ಲೆಕ್ಕ ಹೇಳುತ್ತದೆ. ಆದರೆ 1871ರಿಂದ 1876ರವರೆಗೆ ಹುಟ್ಟಿ ಹೆಚ್ಚಿದವರು ಈ ಲೆಕ್ಕದಲ್ಲಿ ಸೇರಿಲ್ಲವಾದ್ದರಿಂದ ನಿಜವಾದ ನಷ್ಟ ಇನ್ನೂ ದೊಡ್ಡದು. ವಯಸ್ಸಿನ ಕೋಷ್ಟಕವನ್ನು ಕಂಡರಂತೂ ಸಂಕಟವಾಗುತ್ತದೆ. ಕ್ಷಾಮದ ವರ್ಷಗಳಲ್ಲಿ ಹುಟ್ಟಿ 1881ರಲ್ಲಿ ಓಡಾಡಿಕೊಂಡಿರಬೇಕಾಗಿದ್ದ ಎಳೆಯ ಮಕ್ಕಳ ಸಾಲಿನಲ್ಲಿ ದೊಡ್ಡ ಬರಿದು ಕಾಣುತ್ತದೆ. ಹಲವರು ಹುಟ್ಟಲೇ ಇಲ್ಲ. ಹುಟ್ಟಿದ ಅನೇಕರು ಬದುಕಲಿಲ್ಲ. ತಮ್ಮ ವಂಶವೃಕ್ಷವು ಈ ವರ್ಷಗಳ ಹಿಂದಕ್ಕೆ ಸಾಗುವುದಿಲ್ಲವೆಂದು ಕೊರಗುವವರು ಈ ಕೋಷ್ಟಕವನ್ನು ಒಮ್ಮೆ ನೋಡಬೇಕು.

ವಲಸೆಯ ವಿಷಯದಲ್ಲಿಯೂ ಗಣತಿ ನೆರವಾಗುತ್ತದೆ. ಕೋಲಾರದ ಚಿನ್ನದ ಗಣಿ ಪ್ರದೇಶದಲ್ಲಿ 1891ರಲ್ಲಿ 7 ಸಾವಿರದಷ್ಟಿದ್ದ ಜನ 1901ಕ್ಕೆ 38 ಸಾವಿರವಾದರು. ಇದನ್ನರಿತರೆ ಒಂದು ಮನೆತನವು ಹತ್ತು ವರ್ಷ ಹಳ್ಳಿಯ ದಾಖಲೆಗಳಿಂದ ಏಕೆ ಕಾಣೆಯಾಯಿತೆಂಬುದನ್ನು ಊಹಿಸಬಹುದು. ವಯಸ್ಸಿನ ಅಂಕಿಗಳನ್ನು ಮಾತ್ರ ಪೂರ್ತಿ ನಂಬಲಾಗದು. ಇಪ್ಪತ್ತು, ಮೂವತ್ತು, ನಲವತ್ತು ಎಂದು ದುಂಡಾಗಿ ಹೇಳುವುದು ನಮ್ಮ ಜನರ ರೂಢಿ; ಮೂವತ್ತೊಂದು ವರ್ಷದವರು ಈ ನಾಡಿನಲ್ಲಿ ಯಾರೂ ಇರಲಿಲ್ಲವೇನೋ ಎನ್ನಿಸಬೇಕು!

ಇನ್ನು ಹೆಸರಿನ ಮಾತು. ಬೆತ್ಲೆಹೇಮಿನ ಖಾನೇಷುಮಾರಿಯನ್ನು ಪ್ರತಿ ಕ್ರಿಸ್ಮಸ್ಸಿನಲ್ಲಿಯೂ ಕೇಳುವ ನಮಗೆ ಧರ್ಮಸಭೆಯ ಸ್ವಂತ ಖಾನೇಷುಮಾರಿಯ ನೆನಪು ಕಡಿಮೆ. 1563ರಲ್ಲಿ ತ್ರೆಂತ್ ಮಹಾಸಭೆಯು ವಿವಾಹಗಳನ್ನು ಪುಸ್ತಕದಲ್ಲಿ ಬರೆದಿಡಬೇಕೆಂದು ವಿಧಿಸಿತು. 1614ರಲ್ಲಿ ಜಗದ್ಗುರು ಐದನೆಯ ಪೌಲರು ಹೊರಡಿಸಿದ ರೋಮನ್ ವಿಧಿಗ್ರಂಥವು ಜ್ಞಾನಸ್ನಾನ, ದೃಢೀಕರಣ, ವಿವಾಹ, ಮರಣ ಇವುಗಳ ಪುಸ್ತಕಗಳ ಜೊತೆಗೆ ‘ಆತ್ಮಗಳ ಸ್ಥಿತಿ’ ಎಂಬ ಐದನೆಯ ಪುಸ್ತಕವನ್ನೂ ಕೇಳಿತು. ಮನೆಮನೆಯಾಗಿ ಯಾರು ಯಾರಿದ್ದಾರೆಂದು ಗುರುಗಳೇ ಬರೆಯುವ ಪುಸ್ತಕವದು. ಸರಕಾರ ಹೆಸರನ್ನು ಅಳಿಸಿ ಸಂಖ್ಯೆಯನ್ನು ಉಳಿಸಿಕೊಂಡ ಕಾಲದಲ್ಲಿ ಕುದುರೆಯೇರಿ ಊರೂರು ತಿರುಗುತ್ತಿದ್ದ ಫ್ರೆಂಚ್ ಗುರುಗಳು ಹೆಸರುಗಳನ್ನು ಉಳಿಸಿದರು.

ಆದರೆ ಆ ಪುಸ್ತಕಗಳು ಲತೀನ್ ಭಾಷೆಯಲ್ಲಿವೆ. ರಾಯಪ್ಪನನ್ನು ಹುಡುಕುವವರು ‘ಪೇತ್ರುಸ್’ ಎಂಬಲ್ಲಿ ನೋಡಬೇಕು. ಚಿನ್ನಪ್ಪ ‘ಪೌಲುಸ್’ ಆಗಿರುತ್ತಾನೆ, ಅರುಳಪ್ಪ ‘ಯೋಹಾನ್ನೆಸ್’, ಇನ್ನಾಸಪ್ಪ ‘ಇಗ್ನಾಸಿಯುಸ್’, ಚೌರಪ್ಪ ‘ಕ್ಸವೇರಿಯುಸ್’. ಒಂದೇ ಊರಿನಲ್ಲಿ ಐದಾರು ಚೌರಪ್ಪಗಳಿದ್ದಾಗ ತಂದೆಯ ಹೆಸರನ್ನೂ ಜ್ಞಾನಪಿತೃವಿನ ಹೆಸರನ್ನೂ ಹೊಂದಿಸಿ ನೋಡದೆ ನಿರ್ಧರಿಸಕೂಡದು. ನಮ್ಮ ಕೇಂದ್ರ ಸ್ವತಂತ್ರ ವಿಚಾರಣೆಯಾಗುವುದಕ್ಕೆ ಮುಂಚಿನ ಬರಹಗಳು ಮಾತೃವಿಚಾರಣೆಯ ಪುಸ್ತಕಗಳಲ್ಲಿರುವುದನ್ನೂ ಮರೆಯಬಾರದು.

ಕ್ಷಾಮದ ವರ್ಷಗಳ ಜ್ಞಾನಸ್ನಾನದ ಪುಸ್ತಕಗಳಲ್ಲಿ ‘ತಂದೆತಾಯಿಗಳು ತಿಳಿಯದವರು’ ಎಂಬ ಬರಹ ಎದುರಾಗುವುದುಂಟು. ಅನಾಥಾಲಯಗಳಲ್ಲಿ ಬೆಳೆದ ಆ ಮಕ್ಕಳ ಸಂತತಿಯವರು ನಮ್ಮ ನಡುವೆ ಇದ್ದಾರೆ. ಈ ಬರಹವನ್ನು ಕಂಡು ಮುಖ ಬಾಡಿಸಿಕೊಂಡು ಪುಸ್ತಕ ಮುಚ್ಚಿದವರನ್ನು ನಾವು ಬಲ್ಲೆವು. ಅದರಲ್ಲಿ ಅವಮಾನದ ಮಾತೇನೂ ಇಲ್ಲ. ಮಗುವನ್ನು ಯಾರೋ ಒಬ್ಬ ತಾಯಿ ಗಂಜಿಕೇಂದ್ರದವರೆಗೆ ಹೊತ್ತು ತಂದಿರಬಹುದು. ಆಕೆ 1881ರ ಎಣಿಕೆಗೆ ಉಳಿಯಲಿಲ್ಲ. 8 ಲಕ್ಷ 69 ಸಾವಿರದ ಆ ಕೊರತೆಯಲ್ಲಿ ಆಕೆಯೂ ಒಬ್ಬಳು. ಅಂತಹ ಮನೆಗಳವರು ತಮ್ಮ ವಂಶಾವಳಿಯನ್ನು ಆ ಮಗುವಿನ ಹೆಸರಿನಿಂದಲೇ ಬರೆಯತೊಡಗಲಿ.

ನಮ್ಮ ‘ಆತ್ಮಗಳ ಸ್ಥಿತಿ’ ಪುಸ್ತಕದ ಕೆಲವು ಹಾಳೆಗಳನ್ನು ಗೆದ್ದಲು ತಿಂದಿದೆ. ಅಜ್ಜಂದಿರ ವಿವಾಹಪತ್ರ, ಮನೆಯ ಜಪದ ಪುಸ್ತಕದ ಒಳರಟ್ಟಿನ ಮೇಲೆ ಬರೆದಿಟ್ಟ ಹುಟ್ಟುಸಾವಿನ ತಾರೀಖುಗಳು ಯಾರ ಮನೆಯಲ್ಲಿದ್ದರೂ ಗುರುಮನೆಗೆ ತಂದು ತೋರಿಸಿದರೆ ನಕಲು ಮಾಡಿಕೊಂಡು ಅಂದೇ ಹಿಂದಿರುಗಿಸುತ್ತೇವೆ.