ನೀರಿಗಿಂತ ಮೊದಲು ಬರಬೇಕಾದ ಸುದ್ದಿ

ಕಲಬುರಗಿ ಜಿಲ್ಲೆಯ ಅಫಜಲಪುರ, ಜೇವರ್ಗಿ ತಾಲ್ಲೂಕುಗಳಿಗೆ ಭೀಮೆಯ ನೆರೆ ಬಹುಮಟ್ಟಿಗೆ ಮೇಲಿನಿಂದ ಇಳಿದು ಬರುವಂಥದು. ಭೀಮಾಶಂಕರದಲ್ಲಿ ಹುಟ್ಟಿ ಪಂಢರಪುರ ದಾಟಿ ಬರುವ ಹೊಳೆಗೆ 1980ರಲ್ಲಿ ಮಹಾರಾಷ್ಟ್ರದ ಉಜನಿ ಅಣೆಕಟ್ಟು ಅಡ್ಡವಾಯಿತು. ಅಂದಿನಿಂದ ಈ ದಂಡೆಯ ಊರುಗಳಿಗೆ ಮುಗಿಲು ನೋಡಿ ಹೊಳೆಯನ್ನು ಅಂದಾಜು ಮಾಡುವುದು ಸಾಲದಾಯಿತು. ಉಜನಿಯಲ್ಲಿ ಎಷ್ಟು ನೀರು ಬಿಟ್ಟರೆಂಬುದೂ ತಿಳಿಯಬೇಕಾಯಿತು. ಆಳಂದದ ಅಮರ್ಜಾ ನದಿಯೂ ಕೊರಳ್ಳಿ ಜಲಾಶಯ ದಾಟಿ ಕಡೆಗೆ ಸೇರುವುದು ಗಾಣಗಾಪುರದ ಸಂಗಮದಲ್ಲಿ ಇದೇ ಭೀಮೆಗೆ. ಹೀಗಾಗಿ ಇಲ್ಲಿ ನೆರೆಯ ಇತಿಹಾಸವೆಂದರೆ ಸುದ್ದಿಯ ಇತಿಹಾಸವೂ ಹೌದು. ಸಾಮಾಜಿಕ ಜಾಲತಾಣ ಅದಕ್ಕೆ ವೇಗ ಕೊಟ್ಟಿತೆಂದು ಸಾಮಾನ್ಯವಾಗಿ ಹೇಳುತ್ತಾರೆ. ವೇಗಕ್ಕಿಂತ ದೊಡ್ಡ ಬದಲಾವಣೆ ಸುದ್ದಿ ಹರಿಯುವ ದಿಕ್ಕಿನಲ್ಲಾಯಿತು ಎಂಬುದು ನನ್ನ ವಾದ.

ನಿಜಾಮರ ಆಡಳಿತದಲ್ಲೂ ಆಮೇಲೂ ಹಳ್ಳಿಗೆ ಸರ್ಕಾರದ ಮಾತು ಮುಟ್ಟಿಸುತ್ತಿದ್ದುದು ಡಂಗುರ. ಹುಕುಂ ಗೌಡ-ಕುಲಕರ್ಣಿಗೆ ಬರಬೇಕು, ಅಲ್ಲಿಂದ ಹಲಗೆ ಹಿಡಿದವನ ಬಾಯಿಗೆ. ಈ ಪದ್ಧತಿಗೊಂದು ಬಲವಿತ್ತು: ಸಾರಿದವನು ಯಾರು, ಸಾರಿಸಿದವರು ಯಾರು ಎಂಬುದು ಇಡೀ ಊರಿಗೆ ಗೊತ್ತಿರುತ್ತಿತ್ತು. ಆದರೆ ಹಲಗೆ ಬಡಿಯುವುದು ದಲಿತ ಕುಟುಂಬಗಳ ಮೇಲೆ ತಲೆಮಾರಿನಿಂದ ಹೊರಿಸಿದ ಚಾಕರಿ. ಊರಿಗೆಲ್ಲ ಅಪಾಯ ಸಾರಿದವನಿಗೆ ತನ್ನ ಕೇರಿಗೆ ನೀರು ಹೊಕ್ಕಿದೆಯೆಂದು ಮೇಲಕ್ಕೆ ಮುಟ್ಟಿಸುವ ಹಾದಿಯೇ ಇರಲಿಲ್ಲ. ಈ ಅನ್ಯಾಯವನ್ನು ಮರೆತು ಡಂಗುರವನ್ನು ಹಾಡಿ ಹೊಗಳಲಾಗದು. 1966ರಲ್ಲಿ ಕಲಬುರಗಿ ಆಕಾಶವಾಣಿ ಬಂದಾಗ ಮಾತಿನ ಹರವು ಹಿಗ್ಗಿತು, ಮೇಲಿನಿಂದ ಕೆಳಕ್ಕೆ ಎಂಬ ದಿಕ್ಕು ಬದಲಾಗಲಿಲ್ಲ.

ಆ ಬದಲಾವಣೆ ಕಂಡದ್ದು 2020ರಲ್ಲಿ. ಆ ವರ್ಷದ ಅಕ್ಟೋಬರ್ ನಡುವಿನ ಮಳೆಗೆ ಉಜನಿಯಿಂದಲೂ ನೀರಾ ನದಿಯ ವೀರ್ ಜಲಾಶಯದಿಂದಲೂ ಹರಿದ ನೀರು ಅಫಜಲಪುರ ತಾಲ್ಲೂಕಿನ ಸೊನ್ನ ಬ್ಯಾರೇಜಿಗೆ ಬಂತು. ದಂಡೆಯ ಹಳ್ಳಿಗಳು ಮುಳುಗಿದವು, ಜನ ಕಾಳಜಿ ಕೇಂದ್ರ ಸೇರಿದರು, ಸೇನೆಯೂ ಬಂತು. ಈ ಸಲ ಮುಳುಗಿದ ಸೇತುವೆ, ಕೊಳೆತ ತೊಗರಿ, ಮಾಳಿಗೆ ಏರಿದ ಜನ, ಎಲ್ಲವೂ ಆ ಊರಿನವರದೇ ಮೊಬೈಲಿನಿಂದ ಹೊರಟು ಊರೂರಿಗೆ ಹರಿದಾಡಿದವು. ಅಧಿಕಾರಿ ಬಂದು ನೋಡಿ ಬರೆದ ಮೇಲಷ್ಟೇ ನಿಜವಾಗುತ್ತಿದ್ದ ಕಷ್ಟ, ಅವರು ಬರುವ ಮೊದಲೇ ನಾಲ್ಕು ಜನರ ಕಣ್ಣಿಗೆ ಬಿತ್ತು.

ಸುಳ್ಳೂ ಇದೇ ಹಾದಿಯಲ್ಲಿ ಬರುತ್ತದೆ ಎನ್ನುವವರ ಮಾತು ಹಗುರವಲ್ಲ. ಪಕ್ಕದ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ 2018ರ ಜುಲೈಯಲ್ಲಿ ಮಕ್ಕಳ ಕಳ್ಳರೆಂಬ ವಾಟ್ಸ್‌ಆ್ಯಪ್ ವದಂತಿಗೆ ಹೈದರಾಬಾದಿನ ಯುವಕನೊಬ್ಬ ಬಲಿಯಾದ. ಅದೇ ತಿಂಗಳು ಕಂಪನಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗಷ್ಟೇ ರವಾನಿಸಬಹುದೆಂಬ ಮಿತಿ ತಂದಿತು. ನೆರೆಯ ಹೊತ್ತಿನಲ್ಲಿ ಅಣೆಕಟ್ಟು ಒಡೆಯಿತೆಂಬ ಒಂದು ಸುಳ್ಳು ಸಾಕು, ಜನ ದಿಕ್ಕೆಟ್ಟು ಓಡಲು. ಆದರೆ ವದಂತಿ ಬೆಳೆಯುವುದು ಖಚಿತ ಸುದ್ದಿ ಇಲ್ಲದ ಕಡೆ. ಉಜನಿಯ ಗೇಟು ಎತ್ತಿದ ಗಳಿಗೆ, ಬಿಟ್ಟ ಕ್ಯೂಸೆಕ್, ಸೊನ್ನಕ್ಕೆ ಮುಟ್ಟುವ ಅಂದಾಜು ಹೊತ್ತು, ಇಷ್ಟನ್ನು ಜವಾಬ್ದಾರಿಯುಳ್ಳ ಅಧಿಕಾರಿಯ ಹೆಸರಿನಲ್ಲಿ ಪಂಚಾಯ್ತಿಯ ಗುಂಪಿಗೆ ಹಾಕಿದರೆ ಊಹೆಗೆ ಜಾಗ ಕಡಿಮೆಯಾಗುತ್ತದೆ. ಮೇಲಿನ ನೀರು ಇಲ್ಲಿಗೆ ಇಳಿಯುವ ಮುಂಚೆ ಈ ಸುದ್ದಿ ಮುಟ್ಟಿಸಲು ಬೇಕಾದ ವೇಳೆಯೂ ಸಿಗುತ್ತದೆ.

ಕರೆಂಟು ಹೋಗಿ ಟವರ್ ನಿಂತರೇನು, ಮೊಬೈಲ್ ಇಲ್ಲದ ಮುದುಕಿಯ ಗತಿಯೇನು ಎಂಬ ಪ್ರಶ್ನೆಗೆ ಜಾಲತಾಣದಲ್ಲಿ ಉತ್ತರವಿಲ್ಲ. ಅದಕ್ಕೇ ಪಂಚಾಯ್ತಿಯ ಧ್ವನಿವರ್ಧಕ ನಿಲ್ಲಬಾರದು. ಮೊಬೈಲಿಗೆ ಬಂದ ಅದೇ ಸಂದೇಶವನ್ನು, ಕಳಿಸಿದವರ ಹೆಸರು ಹೇಳಿ, ಸಂಬಳ ಪಡೆಯುವ ನೌಕರನೇ ಕೂಗಬೇಕು; ಮತ್ತು ಹೊಳೆಗೆ ಹತ್ತಿರದ ತಗ್ಗಿನ ಕೇರಿಯಿಂದಲೇ ಅದು ಶುರುವಾಗಬೇಕು.