ಯುಕ್ಕಾ: ನೀರು ಹೆಚ್ಚಾದರೆ ನಲುಗುವ ಅಲಂಕಾರಿಕ ಗಿಡ

ಖಡ್ಗದಾಕಾರದ ನೀಳ ಎಲೆಗಳನ್ನು ಕಾಂಡದ ತುದಿಯಲ್ಲಿ ಗೊಂಚಲಾಗಿ ಹೊತ್ತು ನಿಲ್ಲುವ ಯುಕ್ಕಾ, ನಗರಗಳ ಮನೆ, ಕಚೇರಿ ಹಾಗೂ ಹೋಟೆಲುಗಳಲ್ಲಿ ಕಾಣಸಿಗುವ ಅಲಂಕಾರಿಕ ಸಸ್ಯಗಳಲ್ಲೊಂದು. ಬರವನ್ನು ತಾಳಿಕೊಂಡು ವರ್ಷಾನುಗಟ್ಟಲೆ ಬಾಳುವ ಗಿಡವೆಂಬ ಹೆಸರು ಇದಕ್ಕಿದೆ. ಆದರೂ ಅಕ್ಕರೆಯಿಂದ ಮನೆಗೆ ತಂದ ಯುಕ್ಕಾ ಕೆಲವೇ ತಿಂಗಳಲ್ಲಿ ಹಳದಿಗಟ್ಟಿ, ಬುಡ ಮೆತ್ತಗಾಗಿ ಕುಸಿದು ಬೀಳುವುದು ಅಪರೂಪವೇನಲ್ಲ. ಇಂಥ ಬಹುತೇಕ ಸಂದರ್ಭಗಳಲ್ಲಿ ಗಿಡವನ್ನು ಕೊಲ್ಲುವುದು ಅತಿಯಾದ ನೀರು. ಗಿಡದ ಮೂಲ ನೆಲೆ ಮತ್ತು ಅದರ ದೇಹರಚನೆಯನ್ನು ಅರಿತರೆ ಆರೈಕೆ ಬಹಳ ಸುಲಭವಾಗುತ್ತದೆ.

ಮೂಲ ಮತ್ತು ಹೆಸರು

ಯುಕ್ಕಾ ಕುಲದಲ್ಲಿ ಸುಮಾರು 40ರಿಂದ 50 ಪ್ರಭೇದಗಳಿವೆ. ಇವೆಲ್ಲವೂ ಉತ್ತರ ಮತ್ತು ಮಧ್ಯ ಅಮೆರಿಕ ಹಾಗೂ ಕೆರಿಬಿಯನ್ ದ್ವೀಪಗಳಿಗೆ ಸೇರಿದವು. ಮರುಭೂಮಿ, ಒಣ ಹುಲ್ಲುಗಾವಲು, ಕಡಲತೀರದ ಮರಳುದಿಬ್ಬಗಳು ಇವುಗಳ ಸಹಜ ನೆಲೆ. ಸಸ್ಯಶಾಸ್ತ್ರೀಯವಾಗಿ ಇವು ಶತಾವರಿಯ ಕುಟುಂಬಕ್ಕೆ ಸೇರಿದ್ದು, ಕತ್ತಾಳೆಗೆ ಹತ್ತಿರದ ಬಂಧುಗಳು. ಕ್ಯಾಲಿಫೋರ್ನಿಯಾದ ರಾಷ್ಟ್ರೀಯ ಉದ್ಯಾನವೊಂದಕ್ಕೆ ಹೆಸರು ಕೊಟ್ಟ 'ಜೋಶುವಾ ಟ್ರೀ' ಕೂಡ ಯುಕ್ಕಾದ ಒಂದು ಪ್ರಭೇದವೇ. ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯವು 1927ರಲ್ಲಿ ಯುಕ್ಕಾ ಹೂವನ್ನು ತನ್ನ ರಾಜ್ಯಪುಷ್ಪವೆಂದು ಅಂಗೀಕರಿಸಿತು. ಎಲ್ ಸಾಲ್ವಡಾರ್ ದೇಶದ ರಾಷ್ಟ್ರೀಯ ಪುಷ್ಪವೂ ಯುಕ್ಕಾವೇ. ಅಲ್ಲಿನ ಜನ ಅದರ ಹೂವಿನ ಎಸಳುಗಳನ್ನು ಅಡುಗೆಯಲ್ಲಿ ಬಳಸುತ್ತಾರೆ.

ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ ಅಗತ್ಯ. ದಕ್ಷಿಣ ಅಮೆರಿಕದಲ್ಲಿ 'ಯುಕಾ' ಎಂದರೆ ಮರಗೆಣಸು. ಅಲಂಕಾರಿಕ ಯುಕ್ಕಾಕ್ಕೂ ಮರಗೆಣಸಿಗೂ ಯಾವ ಸಂಬಂಧವೂ ಇಲ್ಲ. 'ಯುಕಾ' ಖಾದ್ಯಗಳ ವಿಧಾನವನ್ನು ಓದಿ ಈ ಗಿಡದ ಬೇರನ್ನು ಅಗೆದು ತಿನ್ನಲು ಹೋಗಬಾರದು. ಇದರಲ್ಲಿರುವ ಸಪೋನಿನ್ ಎಂಬ ವಸ್ತುವು ಅಂಟುವಾಳದ ಕಾಯಿಯಲ್ಲಿಯೂ ಇದ್ದು, ನೀರಿನಲ್ಲಿ ನೊರೆ ಬರಿಸುತ್ತದೆ. ಅಮೆರಿಕದ ಮೂಲನಿವಾಸಿಗಳು ಯುಕ್ಕಾ ಬೇರನ್ನು ಜಜ್ಜಿ ತಲೆಗೂದಲು ತೊಳೆಯಲು ಬಳಸುತ್ತಿದ್ದರು. ನಾಯಿ, ಬೆಕ್ಕುಗಳು ಇದರ ಎಲೆಯನ್ನು ಜಗಿದರೆ ವಾಂತಿಯಾಗಬಹುದು. ಆದ್ದರಿಂದ ಸಾಕುಪ್ರಾಣಿಗಳಿರುವ ಮನೆಯಲ್ಲಿ ಕುಂಡವನ್ನು ಅವುಗಳಿಗೆ ಎಟುಕದಂತೆ ಇಡಬೇಕು.

ಆಯ್ಕೆ ಹೇಗೆ?

ಮನೆಯೊಳಗೆ ಬೆಳೆಸಲು ಸೂಕ್ತವಾದದ್ದು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕ ಮೂಲದ 'ಯುಕ್ಕಾ ಜೈಗ್ಯಾಂಟಿಯಾ'. ಬೆಳೆದಂತೆ ಇದರ ಬುಡವು ಆನೆಯ ಕಾಲಿನಂತೆ ಉಬ್ಬುವುದರಿಂದ 'ಎಲಿಫೆಂಟೈಪ್ಸ್' ಎಂಬ ಹೆಸರೂ ರೂಢಿಯಲ್ಲಿದೆ. ಎಲೆಗಳ ತುದಿ ಮೃದುವಾಗಿದ್ದು ಚುಚ್ಚುವುದಿಲ್ಲ. ದಪ್ಪ ಕಾಂಡವನ್ನು ಬೇರೆ ಬೇರೆ ಎತ್ತರಕ್ಕೆ ಕತ್ತರಿಸಿ, ಚಿಗುರಿಸಿ, ಎರಡು ಮೂರು ಕಾಂಡಗಳನ್ನು ಒಂದೇ ಕುಂಡದಲ್ಲಿ ನೆಟ್ಟು ಮಾರುವುದುಂಟು.

'ಯುಕ್ಕಾ ಅಲೋಯಿಫೋಲಿಯಾ' ಇದಕ್ಕೆ ತದ್ವಿರುದ್ಧ. ಅದರ ಪ್ರತಿ ಎಲೆಯ ತುದಿಯಲ್ಲೂ ಸೂಜಿಯಂಥ ಮುಳ್ಳಿರುತ್ತದೆ. 'ಸ್ಪ್ಯಾನಿಷ್ ಬಯನೆಟ್' ಎಂದು ಇದನ್ನು ಕರೆಯುವುದು ಸುಮ್ಮನೆ ಅಲ್ಲ. ಮಕ್ಕಳ ಕಣ್ಣಿನ ಎತ್ತರಕ್ಕೇ ಈ ಮುಳ್ಳುಗಳು ಬರುವುದರಿಂದ ಇದನ್ನು ಕೋಣೆ, ಬಾಲ್ಕನಿ, ಕಾಲುದಾರಿಯ ಅಂಚುಗಳಲ್ಲಿ ಇಡಲೇಬಾರದು. ಎಲೆಯ ಅಂಚಿನಲ್ಲಿ ಬಿಳಿಯ ಎಳೆಗಳು ಸುರುಳಿಯಾಗಿ ಬಿಚ್ಚಿಕೊಳ್ಳುವ 'ಯುಕ್ಕಾ ಫಿಲಮೆಂಟೋಸಾ' ನೆಲಕ್ಕಂಟಿ ಬೆಳೆಯುವ ಗಿಡ್ಡ ಪ್ರಭೇದವಾಗಿದ್ದು, ಬಿಸಿಲು ಬೀಳುವ ತೋಟಕ್ಕೆ ಒಪ್ಪುತ್ತದೆ.

ನರ್ಸರಿಯಲ್ಲಿ ಕೊಳ್ಳುವಾಗ ಕಾಂಡವನ್ನು ಮೆಲ್ಲಗೆ ಅಲುಗಿಸಿ ನೋಡಬೇಕು. ಅದು ಗಟ್ಟಿಯಾಗಿ ನಿಂತಿದ್ದರೆ ಬೇರು ಬಿಟ್ಟಿದೆ ಎಂದರ್ಥ. ಸಡಿಲವಾಗಿದ್ದರೆ, ಅಥವಾ ಬುಡವನ್ನು ಒತ್ತಿದಾಗ ಮೆತ್ತಗೆನಿಸಿದರೆ, ಅಂಥ ಗಿಡವನ್ನು ಬಿಡುವುದೇ ಲೇಸು.

ಬೆಳಕು ಮತ್ತು ಮಣ್ಣು

ಯುಕ್ಕಾ ಬಿಸಿಲಿನ ಗಿಡ. ಮನೆಯೊಳಗೆ ಅತಿ ಹೆಚ್ಚು ಬೆಳಕು ಬರುವ ಕಿಟಕಿಯ ಪಕ್ಕವೇ ಅದಕ್ಕೆ ತಕ್ಕ ಜಾಗ. ಕತ್ತಲ ಮೂಲೆಯಲ್ಲಿಟ್ಟರೆ ಕೆಲಕಾಲ ಹಸಿರಾಗಿ ಉಳಿದೀತು. ಆದರೆ ಹೊಸ ಎಲೆಗಳು ಬಡಕಲಾಗಿ, ಪೇಲವವಾಗಿ ಜೋತುಬೀಳುತ್ತವೆ. ಒಳಗಿದ್ದ ಗಿಡವನ್ನು ಹೊರಗೆ ಇಡುವಾಗ ಅವಸರ ಕೂಡದು. ಮೊದಲ ವಾರ ನೆರಳಿನಲ್ಲಿ, ಎರಡನೆಯ ವಾರ ಬೆಳಗಿನ ಎಳೆಬಿಸಿಲಿನಲ್ಲಿ ಇಟ್ಟು ರೂಢಿಸಿದ ಬಳಿಕವೇ ಪೂರ್ಣ ಬಿಸಿಲಿಗೆ ಒಡ್ಡಬೇಕು. ಇಲ್ಲವಾದರೆ ಎಲೆಗಳು ಸುಟ್ಟು ಬಿಳಿಚಿಕೊಳ್ಳುತ್ತವೆ.

ಮಣ್ಣಿನಲ್ಲಿ ನೀರು ನಿಲ್ಲಬಾರದು. ಕೆಂಪು ಮಣ್ಣು, ದಪ್ಪ ಮರಳು ಎರಡೆರಡು ಪಾಲು, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಅಥವಾ ಎರೆಗೊಬ್ಬರ ಒಂದು ಪಾಲು ಬೆರೆಸಿದ ಮಿಶ್ರಣ ಸಾಕು. ತೆಂಗಿನ ನಾರಿನ ಪುಡಿ ಬಹಳ ಹೊತ್ತು ತೇವ ಹಿಡಿಯುವುದರಿಂದ ಅದನ್ನು ಹೆಚ್ಚಾಗಿ ಬೆರೆಸಬಾರದು. ಕುಂಡದ ತಳದಲ್ಲಿ ರಂಧ್ರ ಇರಲೇಬೇಕು. ತೇವವನ್ನು ಬೇಗ ಹೊರಬಿಡುವ ಮಣ್ಣಿನ ಕುಂಡ ಪ್ಲಾಸ್ಟಿಕ್ ಕುಂಡಕ್ಕಿಂತ ಉತ್ತಮ. ತಲೆಭಾರದ ಗಿಡವಾದ್ದರಿಂದ ಅಗಲ ತಳದ, ಭಾರವಾದ ಕುಂಡವಿದ್ದರೆ ಗಾಳಿಗೆ ಉರುಳುವುದಿಲ್ಲ.

ನೀರು: ಎಡವುವುದು ಇಲ್ಲಿಯೇ

ಯುಕ್ಕಾ ತನ್ನ ಕಾಂಡ ಮತ್ತು ಬೇರುಗಳಲ್ಲಿ ನೀರನ್ನು ಕೂಡಿಟ್ಟುಕೊಳ್ಳುತ್ತದೆ. ಎಲೆಯ ಮೇಲಿನ ಮೇಣದಂಥ ಲೇಪನ ಆ ನೀರು ಆವಿಯಾಗದಂತೆ ತಡೆಯುತ್ತದೆ. ಮನೆಯೊಳಗೆ ಬೆಳಕು ಕಡಿಮೆಯಿರುವುದರಿಂದ ಗಿಡವು ನೀರನ್ನು ಹೀರುವ ವೇಗ ಇನ್ನಷ್ಟು ತಗ್ಗುತ್ತದೆ. ಆಗ ದಿನವೂ ನೀರೆರೆದರೆ ಮಣ್ಣಿನೊಳಗಿನ ಗಾಳಿಯ ಎಡೆಗಳೆಲ್ಲ ತುಂಬಿಹೋಗಿ, ಆಮ್ಲಜನಕವಿಲ್ಲದೆ ಬೇರು ಕೊಳೆಯತೊಡಗುತ್ತದೆ.

ಕೊಳೆತ ಬೇರು ನೀರನ್ನು ಹೀರಲಾರದು. ಹೀಗಾಗಿ ಮಣ್ಣು ಒದ್ದೆಯಿದ್ದರೂ ಎಲೆಗಳು ಬಾಡುತ್ತವೆ. ಬಾಡಿದ ಎಲೆಯನ್ನು ಕಂಡವರು ಬಾಯಾರಿಕೆಯೆಂದು ತಿಳಿದು ಮತ್ತಷ್ಟು ನೀರು ಸುರಿಯುತ್ತಾರೆ. ಬದುಕಬಹುದಾಗಿದ್ದ ಗಿಡ ಸಾಯುವುದು ಈ ತಪ್ಪು ತಿಳಿವಳಿಕೆಯಿಂದ.

ಇದನ್ನು ತಪ್ಪಿಸಲು ಸರಳ ಪರೀಕ್ಷೆಯೊಂದಿದೆ. ಉರಿದು ಉಳಿದ ಊದುಬತ್ತಿಯ ಕಡ್ಡಿಯನ್ನು ಮಣ್ಣಿನೊಳಕ್ಕೆ ಎರಡು ಅಂಗುಲ ಚುಚ್ಚಿ ತೆಗೆಯಬೇಕು. ಕಡ್ಡಿಗೆ ಹಸಿಮಣ್ಣು ಅಂಟಿದ್ದರೆ ನೀರು ಬೇಡ. ಒಣಗಿದ್ದರೆ ತಳದ ರಂಧ್ರದಿಂದ ಹೊರಬರುವಷ್ಟು ನೀರು ಹಾಕಿ, ತಟ್ಟೆಯಲ್ಲಿ ನಿಂತದ್ದನ್ನು ಚೆಲ್ಲಿಬಿಡಬೇಕು. ಮನೆಯೊಳಗಿನ ಗಿಡಕ್ಕೆ ಬೇಸಿಗೆಯಲ್ಲಿ ವಾರ ಅಥವಾ ಹತ್ತು ದಿನಕ್ಕೊಮ್ಮೆ, ಮಳೆಗಾಲ ಮತ್ತು ಚಳಿಗಾಲದಲ್ಲಿ ಎರಡು ಮೂರು ವಾರಕ್ಕೊಮ್ಮೆ ನೀರು ಸಾಮಾನ್ಯವಾಗಿ ಸಾಕಾಗುತ್ತದೆ. ಆದರೂ ತೀರ್ಮಾನಿಸಬೇಕಾದದ್ದು ಕಡ್ಡಿಯನ್ನು ನೋಡಿ, ಕ್ಯಾಲೆಂಡರನ್ನು ನೋಡಿ ಅಲ್ಲ. ಗೊಬ್ಬರವನ್ನು ಬೇಸಿಗೆಯ ಆರಂಭದಲ್ಲಿ ಮತ್ತು ಮಳೆಗಾಲ ಮುಗಿದ ಮೇಲೆ ಒಂದೊಂದು ಹಿಡಿ ಹಾಕಿದರೆ ಆಯಿತು.

ತೋಟದಲ್ಲಿ

ಬಯಲುಸೀಮೆಯ ಒಣಹವೆ ಯುಕ್ಕಾಕ್ಕೆ ಹೇಳಿ ಮಾಡಿಸಿದಂತಿದೆ. ನೆಟ್ಟ ಮೊದಲ ವರ್ಷ ಬೇರೂರುವ ತನಕ ನೀರುಣಿಸಿದರೆ ಮುಂದೆ ಬಹುಮಟ್ಟಿಗೆ ಮಳೆಯ ನೀರಿನಲ್ಲೇ ಬದುಕುತ್ತದೆ. ಉತ್ತರ ಕರ್ನಾಟಕದ ಎರೆಮಣ್ಣು ನೀರನ್ನು ಹಿಡಿದಿಡುವುದರಿಂದ ಅಲ್ಲಿ ಮರಳು, ಜಲ್ಲಿ ಬೆರೆಸಿದ ಒಂದಡಿ ಎತ್ತರದ ದಿಬ್ಬದ ಮೇಲೆ ನೆಡುವುದು ಕ್ಷೇಮ. ವರ್ಷಕ್ಕೆ 3,000 ಮಿ.ಮೀ.ಗೂ ಹೆಚ್ಚು ಮಳೆ ಸುರಿಯುವ ಕರಾವಳಿಯಲ್ಲಿ ಗಿಡವನ್ನು ಕುಂಡದಲ್ಲೇ ಬೆಳೆಸಿ, ಜೂನ್ ತಿಂಗಳಿನಿಂದ ಮಾಡಿನ ಕೆಳಗೆ ಇಡಬಹುದು.

ಯುಕ್ಕಾ ಜೈಗ್ಯಾಂಟಿಯಾ ನೆಲದಲ್ಲಿ 8ರಿಂದ 10 ಮೀಟರ್ ಎತ್ತರದ ಮರವಾಗಬಲ್ಲದು. ಬುಡವೂ ಬಹಳ ದಪ್ಪವಾಗುತ್ತದೆ. ಕಾಂಪೌಂಡ್ ಗೋಡೆ, ನೀರಿನ ತೊಟ್ಟಿ, ಕೊಳವೆಗಳಿಂದ ಕನಿಷ್ಠ ಮೂರು ಮೀಟರ್ ದೂರ ಬಿಟ್ಟು ನೆಡದಿದ್ದರೆ ಮುಂದೆ ತೊಂದರೆ ತಪ್ಪಿದ್ದಲ್ಲ. ಮುಳ್ಳಿನ ಪ್ರಭೇದಗಳ ಒಣ ಎಲೆ ಕತ್ತರಿಸುವಾಗ ಕೈಗವಸು, ಕನ್ನಡಕ ಧರಿಸಬೇಕು.

ಹೂವು, ಸಸ್ಯಾಭಿವೃದ್ಧಿ

ಮನೆಯೊಳಗೆ ಯುಕ್ಕಾ ಹೂ ಬಿಡುವುದು ವಿರಳ. ಬಿಸಿಲಿನಲ್ಲಿ ಬಲಿತ ಗಿಡವು ಗಂಟೆಯಾಕಾರದ ಬಿಳಿ ಹೂಗಳ ದೊಡ್ಡ ಗೊಂಚಲನ್ನು ತಳೆಯುತ್ತದೆ. ಒಮ್ಮೆ ಹೂ ಬಿಟ್ಟು ಸಾಯುವ ಕತ್ತಾಳೆಯಂತಲ್ಲದೆ, ಕಾಂಡವುಳ್ಳ ಯುಕ್ಕಾ ಕವಲೊಡೆದು ಮತ್ತೆ ಬೆಳೆಯುತ್ತದೆ. ತವರಿನಲ್ಲಿ ಯುಕ್ಕಾ ಪತಂಗವೆಂಬ ಚಿಟ್ಟೆಯ ಜಾತಿಯ ಕೀಟ ಇದರ ಪರಾಗಸ್ಪರ್ಶ ಮಾಡಿ, ಹೂವಿನೊಳಗೆ ಮೊಟ್ಟೆಯಿಡುತ್ತದೆ. ಮರಿಗಳು ಕೆಲವು ಬೀಜಗಳನ್ನು ತಿಂದು ಬೆಳೆಯುತ್ತವೆ, ಉಳಿದವು ಗಿಡದ ಪಾಲಿಗೆ. ಆ ಪತಂಗ ಭಾರತದಲ್ಲಿಲ್ಲದ ಕಾರಣ ಇಲ್ಲಿ ಕಾಯಿ ಕಚ್ಚುವುದು ಕಡಿಮೆ. ಗಿಡವನ್ನು ಕಾಂಡದ ತುಂಡು ಅಥವಾ ಬುಡದ ಮರಿಗಳಿಂದಲೇ ಹೆಚ್ಚಿಸುವುದು ವಾಡಿಕೆ. ಗೇಣುದ್ದದ ತುಂಡನ್ನು ಕತ್ತರಿಸಿ, ನಾಲ್ಕೈದು ದಿನ ನೆರಳಿನಲ್ಲಿ ಒಣಗಿಸಿ, ಬುಡದ ಭಾಗ ಕೆಳಗಿರುವಂತೆ ಮರಳುಮಿಶ್ರಿತ ಮಣ್ಣಿನಲ್ಲಿ ಊರಬೇಕು.

ಕೊಳೆತ ಗಿಡವನ್ನು ಉಳಿಸುವ ದಾರಿಯೂ ಇದೇ. ಬುಡ ಮೆತ್ತಗಾಗಿದ್ದರೆ ಮೇಲಿನ ಗಟ್ಟಿ ಭಾಗವನ್ನು ಕತ್ತರಿಸಿ ಒಣಗಿಸಿ ಹೊಸ ಮಣ್ಣಿನಲ್ಲಿ ನೆಟ್ಟರೆ ಅದು ಬೇರು ಬಿಡುವ ಸಾಧ್ಯತೆಯಿದೆ. ಕತ್ತರಿಸಿದ ಜಾಗದಲ್ಲಿ ಕಂದು ಕಲೆ ಕಾಣದಿರುವ ತನಕ ಮೇಲಕ್ಕೆ ಸರಿದು ಕೊಯ್ಯುವುದು ಮುಖ್ಯ.

ಕೆಳಗಿನ ಒಂದೆರಡು ಎಲೆ ಹಣ್ಣಾಗಿ ಉದುರುವುದು ಸಹಜ, ಅದಕ್ಕೆ ಚಿಂತಿಸಬೇಕಿಲ್ಲ. ಎಲೆಯ ತುದಿ ಮಾತ್ರ ಕಂದಾದರೆ ಕೊಳವೆಬಾವಿ ನೀರಿನ ಲವಣಾಂಶ ಕಾರಣವಿರಬಹುದು. ಮಳೆನೀರು ಬಳಸಿ ನೋಡಬಹುದು. ಹತ್ತಿಯಂಥ ಬಿಳಿ ಮುದ್ದೆಗಳು ಹಿಟ್ಟುತಿಗಣೆಯ ಗುರುತು. ಒದ್ದೆ ಬಟ್ಟೆಯಿಂದ ಒರೆಸಿ, ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನ ಎಣ್ಣೆ ಮತ್ತು ಕೆಲವು ಹನಿ ದ್ರವ ಸೋಪು ಬೆರೆಸಿ ಸಂಜೆ ಸಿಂಪಡಿಸಿದರೆ ಹತೋಟಿಗೆ ಬರುತ್ತದೆ. ಹೀಗೆ ಬೇಕಾದಷ್ಟು ಬೆಳಕು, ಬಸಿಯುವ ಮಣ್ಣು ಒದಗಿಸಿ, ನೀರಿನ ವಿಷಯದಲ್ಲಿ ಕೈ ಬಿಗಿಹಿಡಿದರೆ ಯುಕ್ಕಾ ಹತ್ತಾರು ವರ್ಷ ಮನೆಯ ಶೋಭೆಯಾಗಿ ಉಳಿಯುತ್ತದೆ.